ನಲವತ್ತು ದಿನ, ಬದುಕೆಲ್ಲ ಯಾತ್ರೆ

(ತಪಸ್ಸುಕಾಲದ ಪ್ರಬೋಧನೆ)



ಚಳಿಗಾಲದಲ್ಲಿ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯ ದಂಡೆಗೆ ಹೋದವರಿಗೆ ಅಲ್ಲಿಯ ಹಕ್ಕಿಗಳ ಗದ್ದಲ ಗೊತ್ತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಕೆರೆಯಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇದು, ಬಿಸಿಲು ಏರುತ್ತಿದ್ದಂತೆ ಬಂದ ದಾರಿ ಹಿಡಿದು ಹೊರಟುಬಿಡುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಕೆರೆ ಎಷ್ಟೇ ಸಮೃದ್ಧವಾಗಿರಲಿ, ಅದು ತಮ್ಮ ಕಾಯಂ ಮನೆಯಲ್ಲವೆಂದು ಆ ಹಕ್ಕಿಗಳು ಬಲ್ಲವು. ಅವು ಹೊರಡುವ ಹೊತ್ತಿಗೇ ನಮ್ಮ ತಪಸ್ಸುಕಾಲ ಬರುತ್ತದೆ. ನಾವೂ ಇಲ್ಲಿ ಯಾತ್ರಿಕರು. ಕಳೆದ ವರ್ಷದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಬೂದಿ ಬುಧವಾರದಂದು ಹಣೆಗೆ ಹಚ್ಚಿ ಧರ್ಮಸಭೆ ನಮಗೆ ಇದನ್ನೇ ನೆನಪಿಸುತ್ತದೆ.

ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನಗಳು. ಪ್ರಭುವಿನ ಪುನರುತ್ಥಾನದ ದಿನವಾದ 6 ಭಾನುವಾರಗಳನ್ನು ಬಿಟ್ಟರೆ ಉಳಿಯುವುದು 40. ಬೈಬಲ್ಲಿನಲ್ಲಿ ಇದು ನಡಿಗೆಯ ಲೆಕ್ಕ. ಇಸ್ರಯೇಲರು 40 ವರ್ಷ ಮರುಭೂಮಿಯಲ್ಲಿ ನಡೆದರು. ಪ್ರಭು ಯೇಸು 40 ದಿನ ಅಲ್ಲಿ ಉಪವಾಸವಿದ್ದರು. ಪ್ರವಾದಿ ಎಲೀಯನಂತೂ ಬೇಸತ್ತು, ಸಾವು ಬರಲೆಂದು ಬೇಡಿ ಗಿಡದ ಕೆಳಗೆ ಮಲಗಿಬಿಟ್ಟಿದ್ದನು. ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟು ಎಬ್ಬಿಸಿದನು. ಅದರ ಬಲದಿಂದ ಅವನು 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದನು. ದಣಿದವರಿಗೂ ದಾರಿಯುಂಟು. ನಮ್ಮ ದಾರಿಯ ಬುತ್ತಿ ಪರಮಪ್ರಸಾದ.

ತಪಸ್ಸುಕಾಲಕ್ಕೆ ಎರಡು ಮುಖಗಳಿವೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ತಿಳಿಸಿತು: ಒಂದು ದೀಕ್ಷಾಸ್ನಾನದ ಸ್ಮರಣೆ, ಇನ್ನೊಂದು ಪಶ್ಚಾತ್ತಾಪ. ಪಾಸ್ಕ ಜಾಗರಣೆಯ ರಾತ್ರಿ ಮೇಣದ ಬತ್ತಿ ಹಿಡಿದು ನಾವು ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತೇವೆ. ಈ 40 ದಿನಗಳ ಗುರಿ ಅದೇ. ಆದರೆ ನಮ್ಮಲ್ಲಿ ಎಷ್ಟೋ ಜನ ಇದನ್ನು 40 ದಿನಗಳ ಗುತ್ತಿಗೆಯಂತೆ ಕಾಣುತ್ತೇವೆ. ಅಷ್ಟು ದಿನ ಕುಡಿತ ಬಿಟ್ಟವನು ಹಬ್ಬದ ದಿನ ಬಾಕಿಯನ್ನೆಲ್ಲ ತೀರಿಸಿಕೊಂಡರೆ, ಹೆಂಡತಿ ಮಕ್ಕಳಿಗೆ ಅದೆಂಥ ಪಾಸ್ಕ? ಅವರು ಕಂಡ 40 ದಿನಗಳ ನೆಮ್ಮದಿ ವರ್ಷವೆಲ್ಲ ಉಳಿಯಲಿ ಎಂಬುದೇ ಪ್ರಭುವಿನ ಇಚ್ಛೆ.

ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಿಂದ ಗೋವೆಗೂ ಮಂಗಳೂರಿಗೂ ದುಡಿಯಲು ಹೋಗುವವರು ಗಂಟು ಕಟ್ಟುವುದನ್ನು ನಾವು ನೋಡಿದ್ದೇವೆ. ನಾಲ್ಕು ಜೋಳದ ರೊಟ್ಟಿ, ಚಟ್ನಿಪುಡಿ, ಉಡಲು ಬಟ್ಟೆ. ಹೆಚ್ಚು ಹೊತ್ತರೆ ನಡೆಯಲಾಗದೆಂದು ಅವರಿಗೆ ಗೊತ್ತು. ಉಪವಾಸವೆಂದರೆ ಇದೇ: ಭಾರ ಇಳಿಸುವುದು. ಪ್ರಾರ್ಥನೆಯೆಂದರೆ ದಾರಿ ತಪ್ಪಿದೆವೇ ಎಂದು ದೇವರನ್ನೇ ಕೇಳುವುದು. ದಾನವೆಂದರೆ ಸಹಯಾತ್ರಿಕನ ಹಸಿವನ್ನು ನೋಡುವುದು. ಧರ್ಮಸಭೆಯ ಕಾನೂನು 18 ತುಂಬಿದವರಿಂದ 60ಕ್ಕೆ ಕಾಲಿಡುವವರೆಗಿನವರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಉಪವಾಸ ವಿಧಿಸಿದೆ. ಮಾಂಸ ಬಿಟ್ಟು ಅದಕ್ಕಿಂತ ದುಬಾರಿ ಮೀನು ತಂದರೆ ಕಾನೂನು ಪಾಲಿಸಿದಂತಾದೀತು, ತಪಸ್ಸಾಗದು. ಉಳಿದ ಊಟದ ಹಣ, ದುಡಿಯಲು ಹೋದ ತಂದೆತಾಯಿ ಅಜ್ಜಿಯ ಬಳಿ ಬಿಟ್ಟುಹೋದ ಪಕ್ಕದ ಮನೆಯ ಮಗುವಿನ ತಟ್ಟೆಗೆ ಸೇರಲಿ.

ನಾವು ಇಲ್ಲಿ ಚಿಕ್ಕ ಮಂದೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇಗುಲವೂ ದೂದಪೀರಾಂ ದರ್ಗಾವೂ ಇವೆ. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ ಮುಸ್ಲಿಮರ ಸೌಹಾರ್ದಕ್ಕೆ ಹೆಸರಾಗಿದೆ. 2025ರಲ್ಲಿ ರಂಜಾನ್ ತಿಂಗಳೂ ನಮ್ಮ ತಪಸ್ಸುಕಾಲವೂ ಕೂಡಿ ಬಂದವು. ನೆರೆಯವರು ನೀರೂ ಮುಟ್ಟದೆ ಉಪವಾಸವಿರುವಾಗ ನಾವು ನಮ್ಮ ಉಪವಾಸದ ಬಗ್ಗೆ ಕೊಚ್ಚಿಕೊಳ್ಳಲು ಏನಿದೆ? ಗುಪ್ತವಾಗಿ ಮಾಡಿದ್ದನ್ನು ತಂದೆ ಕಾಣುತ್ತಾರೆಂದು ಯೇಸುಸ್ವಾಮಿ ಕಲಿಸಿದ್ದಾರೆ. ಜನರಿಗೆ ಕಾಣಬೇಕಾದದ್ದು ನಮ್ಮ ಪ್ರೀತಿ.

ಅಲ್ಲಿಯೇ ನಾವು ಎಡವುತ್ತೇವೆ. ಹೊಲದ ಬದುವಿನ ಜಗಳಕ್ಕೆ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದೇವಾಲಯದಲ್ಲಿ, ಒಬ್ಬ ಆ ಮೂಲೆ, ಒಬ್ಬ ಈ ಮೂಲೆ, ಮೊಣಕಾಲೂರುತ್ತಾರೆ. ಶಿಲುಬೆ ಹಾದಿಯ 14 ಸ್ಥಳಗಳನ್ನು ನಡೆಯುವ ಕಾಲುಗಳಿಗೆ ಅಣ್ಣನ ಮನೆಯ ಅಂಗಳ ದೂರವೇ? ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗೆಂದು ಪ್ರಭು ಹೇಳಿದ್ದು ನಮಗೇ. ಪಾಪನಿವೇದನೆಗೆ ಬರುವ ಮುನ್ನ ಆ ಬಾಗಿಲು ತಟ್ಟೋಣ. ಅವನು ತೆರೆಯದಿದ್ದರೆ ನಾಳೆ ಮತ್ತೆ ತಟ್ಟೋಣ.

ಸುಗ್ಗಿ ಮುಗಿದ ಎರೆಹೊಲವನ್ನು ರೈತ ಬಿಸಿಲಿನಲ್ಲೇ ಉಳುತ್ತಾನೆ. ಮಣ್ಣು ಸಡಿಲಾದರೆ ಮೊದಲ ಮಳೆ ಒಳಗಿಳಿಯುತ್ತದೆ. ಈ ದಿನಗಳಲ್ಲಿ ದೇವರು ನಮ್ಮ ಹೃದಯವನ್ನು ಉಳಲಿ. ಒಬ್ಬರ ಕೈ ಒಬ್ಬರು ಹಿಡಿದು ಪುನರುತ್ಥಾನದ ಬೆಳಕಿನೆಡೆಗೆ, ಕೊನೆಗೆ ತಂದೆಯ ಮನೆಗೆ ನಡೆಯೋಣ. ಕೃಪಾವರಪೂರ್ಣೆ ಮರಿಯಮ್ಮನವರು ನಮ್ಮ ಜೊತೆಗಿರಲಿ. ಆಮೆನ್.