ಹತ್ತು ಕಿಲೋ ಸೀಟು, ಒಂದೂವರೆ ಗೇಣು ಬಾಗಿಲು

ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ಜಂಬ ಅನ್ನಿಸಬಹುದು. ಸ್ಪೋರ್ಟ್ಸ್ ಕಾರಿನ ಸೀಟು. ಮೊದಲೇ ಹೇಳಿಬಿಡ್ತೀನಿ, ಕಾರು ನಂದಲ್ಲ, ನನ್ನ ಗೆಳೆಯಂದು. ನಾನು ಈಗಲೂ ಅಂಧೇರಿಯಿಂದ ಘಾಟ್ಕೋಪರ್ ಮೆಟ್ರೋದಲ್ಲಿ ನಿಂತುಕೊಂಡೇ ಹೋಗೋನು. ಸೀಟಿನ ಬಗ್ಗೆ ಮಾತಾಡೋಕೆ ಅದೊಂದು ವಿಚಿತ್ರ ಅರ್ಹತೆ.

ಗೆಳೆಯ ಹುಬ್ಬಳ್ಳಿಯವನು, ನಾನು ಹಾಸನದ ಕಡೆಯವನು. ಎಂಟೆಕ್‌ನಲ್ಲಿ ಒಂದೇ ರೂಮು. ಅವನು ಹತ್ತು ವರ್ಷ ಒಂದೇ ಸ್ಟಾರ್ಟಪ್ ಹಿಡಿದು ಕೂತಿದ್ದ, ಕೊನೆಗೆ ಶೇರು ಕೈಗೆ ಬಂತು. ಬಂದ ದುಡ್ಡಲ್ಲಿ ಫ್ಲ್ಯಾಟಿನ ಸಾಲ ತೀರಿಸಿದ. ಆಮೇಲೆ ಹಾಸ್ಟೆಲ್ ಗೋಡೆ ಮೇಲೆ ಅಂಟಿಸಿಕೊಂಡಿದ್ದ ಚಿತ್ರದಂಥದ್ದೇ ಒಂದು ಎರಡು ಬಾಗಿಲಿನ ಜರ್ಮನ್ ಕಾರು ಬುಕ್ ಮಾಡೋಕೆ ಹೋದ. ಅಲ್ಲಿ ಆಪ್ಷನ್ ಪಟ್ಟಿ ಕೊಟ್ರು. ಮಾಮೂಲಿ ಸೀಟು ಬೇಕೋ, ಕಾರ್ಬನ್ ಫೈಬರ್ ಬಕೆಟ್ ಸೀಟು ಬೇಕೋ? ಎರಡನೆಯದಕ್ಕೆ ಕೆಲವು ಲಕ್ಷ ಜಾಸ್ತಿ. ರಾತ್ರಿ ಹನ್ನೊಂದಕ್ಕೆ ಫೋನು: "ದೋಸ್ತ, ಹತ್ತು ಕಿಲೋ ಕಮ್ಮಿ ಆಗ್ತೈತಂತ. ತೊಗೊಳ್ಲೋ ಬ್ಯಾಡೋ?"

ನಾನು ಮೊದಲು ಮಾಡಿದ್ದು ನಮ್ಮವರೆಲ್ಲ ಮಾಡೋದನ್ನೇ. ಎಕ್ಸೆಲ್ ತೆಗೆದೆ.

ಅದೇ ವರ್ಗದ ಕಾರು ಬಿಎಂಡಬ್ಲ್ಯೂ ಎಂ2 ತಗೊಳ್ಳಿ, ಅದರ ಲೆಕ್ಕ ಎಲ್ಲಾ ಕಡೆ ಸಿಗುತ್ತೆ. ಆಟೋಮ್ಯಾಟಿಕ್ ಕಾರಿನ ತೂಕ 1,725 ಕೆಜಿ. ಕಾರ್ಬನ್ ಬಕೆಟ್ ಸೀಟು ಹಾಕಿದ್ರೆ ಎರಡೂ ಸೀಟು ಸೇರಿ ಉಳಿಯೋದು ಸುಮಾರು 10.8 ಕೆಜಿ. ಅಂದ್ರೆ ಶೇಕಡಾ 0.6. ಸೊನ್ನೆಯಿಂದ ನೂರಕ್ಕೆ ಆ ಕಾರು ಸುಮಾರು ನಾಲ್ಕು ಸೆಕೆಂಡ್ ತಗೊಳ್ಳುತ್ತೆ. ಇಂಜಿನ್ ಅದೇ, ತೂಕ ಶೇಕಡಾ 0.6 ಕಮ್ಮಿ ಅಂತ ನೇರ ಲೆಕ್ಕ ಹಾಕಿದ್ರೆ ಉಳಿಯೋದು ಸೆಕೆಂಡಿನ ನಲವತ್ತನೇ ಒಂದು ಭಾಗ. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಇನ್ನೊಂದು ರೀತಿ ನೋಡಿ: ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿ ತೂಗುತ್ತೆ, ಆ ಕಾರಿನ ಟ್ಯಾಂಕು 52 ಲೀಟರು. ಟ್ಯಾಂಕ್ ತುಂಬಿಸೋವಾಗ ಹದಿನೈದು ಲೀಟರ್ ಕಮ್ಮಿ ಹಾಕಿಸಿದ್ರೆ ಅಷ್ಟೇ ತೂಕ ಪುಕ್ಕಟೆ ಉಳಿಯಿತು.

ಹಾಗಂತ ತೂಕ ಅನ್ನೋದು ಸುಳ್ಳು ಅಂತಲ್ಲ. ಆಲ್ಪೀನ್ ಎ110 ಅಂತ ಒಂದು ಫ್ರೆಂಚ್ ಕಾರು ಇದೆ. ಇಡೀ ಕಾರೇ 1,100 ಕೆಜಿ ಆಸುಪಾಸು, ಅದರ ಒಂದೊಂದು ಸೀಟು 13.1 ಕೆಜಿ. ಅಲ್ಲಿ ಬೋಲ್ಟಿನಿಂದ ಹಿಡಿದು ಎಲ್ಲಾ ಕಡೆ ಒಂದೊಂದು ಕಿಲೋ ಕಿತ್ತಿದಾರೆ, ಸೀಟು ಆ ದೊಡ್ಡ ಲೆಕ್ಕದ ಒಂದು ಸಾಲು. ಮೆಕ್ಲಾರೆನ್ 600ಎಲ್‌ಟಿ ಕೂಡ ಹಾಗೇ. ತನ್ನ ಮೂಲ ಮಾದರಿಗಿಂತ 96 ಕೆಜಿ ಹಗುರ, ಅದರಲ್ಲಿ ಸೀಟಿನ ಪಾಲೇ 20 ಕೆಜಿ ಮೇಲೆ. ನಮ್ಮ ಪಕ್ಕದ ಜುಹೂ ಏರೋಡ್ರೋಮ್‌ನಲ್ಲಿ 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬಂದು ಇಳಿದಾಗ, ಆ ಪುಸ್ ಮಾತ್ ವಿಮಾನದಲ್ಲಿದ್ದ ಟಪಾಲು 25 ಕೆಜಿ. ಅಂಥ ಪುಟ್ಟ ವಿಮಾನದಲ್ಲಿ ಹತ್ತು ಕಿಲೋ ಅಂದ್ರೆ ಹತ್ತು ಕಿಲೋನೇ. ಆದ್ರೆ ಒಂದೂಮುಕ್ಕಾಲು ಟನ್ ಕಾರಿಗೆ, ಅದರಲ್ಲೂ ಕಾರ್ಬನ್ ಸೀಟಿನೊಳಗೂ ಮೋಟರು, ಹೀಟರು, ಲೋಗೋಗೊಂದು ಲೈಟು ಇಟ್ಟಿರೋ ಕಾರಿಗೆ, ಹತ್ತು ಕಿಲೋ ಕಥೆ ಹೇಳೋದು ಮಾರೋರ ಚಾಣಾಕ್ಷತನ.

ಹಾಗಾದ್ರೆ ಬಕೆಟ್ ಸೀಟು ನಿಜವಾಗಿ ಏನು ಮಾಡುತ್ತೆ? ಹಿಡಿದುಕೊಳ್ಳುತ್ತೆ. ರೇಸ್ ಟ್ರ್ಯಾಕಿನ ತಿರುವಲ್ಲಿ ಒಂದು ಜಿ ಬಲ ಬಿತ್ತು ಅಂದ್ಕೊಳ್ಳಿ. 75 ಕೆಜಿ ಮನುಷ್ಯನನ್ನ ಅವನಷ್ಟೇ ತೂಕದ ಇನ್ನೊಬ್ಬ ಪಕ್ಕದಿಂದ ತಳ್ಳಿದ ಹಾಗೆ. ಸಾದಾ ಸೀಟಲ್ಲಿ ಆಗ ನಾವು ಮೊಣಕಾಲನ್ನ ಬಾಗಿಲಿಗೆ ಒತ್ತಿ, ಸ್ಟಿಯರಿಂಗನ್ನೇ ಹಿಡಿಕೆ ಮಾಡಿಕೊಂಡು ಕೂರ್ತೀವಿ. ತಿರುಗಿಸಬೇಕಾದ ಕೈ ಜೋತು ಬೀಳೋಕೆ ಬಳಕೆ ಆಗುತ್ತೆ. ಬಕೆಟ್ ಸೀಟು ಸೊಂಟ, ಭುಜ ಹಿಡಿದುಕೊಂಡ್ರೆ ಕೈ ಬಿಡುವಾಗುತ್ತೆ, ಟಯರು ಏನು ಹೇಳ್ತಿದೆ ಅಂತ ಬೆನ್ನಿಗೇ ಗೊತ್ತಾಗುತ್ತೆ. ದುಡ್ಡು ಕೊಡೋದು ಇದಕ್ಕೆ, ಕಿಲೋಗಲ್ಲ. ಈ ಮಾತು ನಾನು ಓದಿ ಹೇಳ್ತಿಲ್ಲ, ಕೈ ಸುಟ್ಟುಕೊಂಡು ಹೇಳ್ತಿದೀನಿ.

ಬೆಂಗಳೂರಲ್ಲಿದ್ದಾಗ ನನ್ನ ಹತ್ರ ಆರು ಏರ್‌ಬ್ಯಾಗಿನ ಒಂದು ಹ್ಯಾಚ್‌ಬ್ಯಾಕ್ ಇತ್ತು. ಅದಕ್ಕೆ ಹುಚ್ಚು ಹಿಡಿದು ಮುಂದಿನ ಎರಡೂ ಸೀಟು ಕಿತ್ತು, ಹೊರಗಿನಿಂದ ತಂದ ಫೈಬರ್ ಗ್ಲಾಸ್ ಬಕೆಟ್ ಹಾಕಿಸಿದೆ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಫೋಟೋ ಕೂಡ ಹಾಕಿದ್ದೆ, ಹದಿನಾರು ಕೆಜಿ ಉಳಿಸಿದೆ ಅಂತ. ಆದ್ರೆ ಹಳೇ ಸೀಟಿನ ಪಕ್ಕದಲ್ಲೇ ಸೈಡ್ ಏರ್‌ಬ್ಯಾಗ್ ಇತ್ತು. ಸೀಟು ಹೋದ ತಕ್ಷಣ ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಹತ್ತಿತು. ಫಿಟ್ಟರ್ ಹುಡುಗ "ಅದಕ್ಕೇನ್ ಸಾರ್" ಅಂತ ಕನೆಕ್ಟರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿದ. ದೀಪ ಆರಿಹೋಯ್ತು. ಕಾರಿನ ಕಂಪ್ಯೂಟರಿಗೆ ಈಗ ಏರ್‌ಬ್ಯಾಗ್ ಅಲ್ಲೇ ಇದೆ ಅಂತ ನಂಬಿಕೆ. ಆಫೀಸಲ್ಲಿ ಯಾರಾದ್ರೂ ಎಕ್ಸೆಪ್ಶನ್ ಹಿಡಿದು ಸುಮ್ಮನೆ ನುಂಗಿಹಾಕಿದ್ರೆ ಕೋಡ್ ರಿವ್ಯೂನಲ್ಲಿ ಕೂಗಾಡೋನು ನಾನು. ನನ್ನ ಕಾರಲ್ಲಿ ಅದನ್ನೇ ಐನೂರು ರೂಪಾಯಿ ಕೊಟ್ಟು ಮಾಡಿಸಿಕೊಂಡೆ.

ಒಂದಿನ ಊರಿಗೆ ಹೋಗೋವಾಗ ಕುಣಿಗಲ್ ಹತ್ರ ಹೆಂಡತಿ ಕೇಳಿದ್ಲು, "ಈ ಸೀಟಿಗೂ ಏರ್‌ಬ್ಯಾಗ್ ಇದೆ ತಾನೇ?" ನಾನು "ಇದೆ" ಅಂದೆ. ಮೇಲ್ಗಡೆ ಕರ್ಟನ್ ಏರ್‌ಬ್ಯಾಗ್ ಇತ್ತಲ್ಲ, ಪೂರ್ತಿ ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಏನೂ ಆಗಲಿಲ್ಲ, ಅಪಘಾತದ ಕಥೆ ಕಾಯಬೇಡಿ. ಆದ್ರೆ ಆ "ಇದೆ" ಚನ್ನರಾಯಪಟ್ಟಣದ ತನಕ ಗಂಟಲಲ್ಲೇ ಇತ್ತು. ಮುಂದಿನ ತಿಂಗಳೇ ಹಳೇ ಸೀಟು ವಾಪಸ್ ಹಾಕಿಸಿದೆ. ಅಷ್ಟರಲ್ಲಿ ಸೊಂಟಕ್ಕೂ ಒಂದು ಗತಿ ಆಗಿತ್ತು.

ಯಾಕೆ ಇದನ್ನ ಎಳೆದೆ ಅಂದ್ರೆ, ನಮ್ಮ ಹುಡುಗರಲ್ಲಿ ಬಹಳ ಜನ ಕಂಪನಿ ಸೀಟಿಗೂ ಹೊರಗಿನ ಸೀಟಿಗೂ ಒಂದೇ ತಕ್ಕಡಿ ಹಿಡೀತಾರೆ. ಕಂಪನಿಯವರು ಕೊಡೋ ಹಗುರ ಸೀಟು ಆ ಕಾರಿನ ಏರ್‌ಬ್ಯಾಗು, ಬೆಲ್ಟು, ಸೆನ್ಸರ್ ಜೊತೆ ಡಿಕ್ಕಿ ಪರೀಕ್ಷೆ ದಾಟಿರುತ್ತೆ. 2024ರಲ್ಲಿ ಪೋರ್ಷೆ ತನ್ನ ಹೊಸ ಜಿಟಿ3ಗೆ ತಂದ ಕಾರ್ಬನ್ ಸೀಟಲ್ಲಿ ಏರ್‌ಬ್ಯಾಗೂ ಇದೆ, ಬೆನ್ನು ಮಡಚೋಕೂ ಬರುತ್ತೆ. ಹೊರಗಿನ ರೇಸ್ ಸೀಟಿಗೆ ಎಫ್‌ಐಎ 8855-1999 ಅಂತ ಸ್ಟಿಕ್ಕರ್ ಇದ್ರೆ ಅದು ರೇಸಿಗೆ ಸರಿ, ಅದೂ ತಯಾರಾದ ದಿನದಿಂದ ಐದು ವರ್ಷ. ಅದು ರೋಲ್ ಕೇಜ್, ಹಾರ್ನೆಸ್, ಹೆಲ್ಮೆಟ್ ಎಲ್ಲಾ ಇರುತ್ತೆ ಅನ್ನೋ ಲೆಕ್ಕದ ಸೀಟು. ರೋಲ್ ಕೇಜ್ ಇಲ್ಲದೆ ನಾಲ್ಕು ಪಟ್ಟಿಯ ಹಾರ್ನೆಸ್ ಮಾತ್ರ ಕಟ್ಟಿಕೊಂಡ್ರೆ, ಕಾರು ಪಲ್ಟಿ ಆದಾಗ ಮೈ ನೆಟ್ಟಗೇ ನಿಂತಿರುತ್ತೆ, ಛಾವಣಿ ಕೆಳಗೆ ಬರುತ್ತೆ. ಅದೂ ಅಲ್ಲದೆ ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ.

ಗೆಳೆಯನ ವಿಷಯದಲ್ಲಿ ಈ ತಲೆನೋವು ಇರಲಿಲ್ಲ, ಅವನದು ಕಂಪನಿ ಸೀಟೇ. ಅವನ ತಲೆನೋವು ಅಂಧೇರಿ.

ಫೋರ್ ಬಂಗ್ಲೋಸ್ ಹತ್ರ ಅವನ ಬಿಲ್ಡಿಂಗು. ಟೇಪ್ ಹಿಡಿದು ಪಾರ್ಕಿಂಗಿಗೆ ಇಳಿದ್ವಿ. ವಾಚ್‌ಮನ್‌ಗೆ ನಾವು ಬಿಎಂಸಿ ಕಡೆಯವರು ಅಂತ ಅನುಮಾನ. ಬಿಳಿ ಗೆರೆಯಿಂದ ಗೆರೆಗೆ 2.3 ಮೀಟರ್, ಎಡಕ್ಕೆ ಕಂಬ, ಬಲಕ್ಕೆ ಪಕ್ಕದವರ ಎಸ್‌ಯುವಿ. ಕಾರಿನ ಅಗಲ ಕನ್ನಡಿ ಬಿಟ್ಟು 1.89 ಮೀಟರ್. ಎಡಗಡೆ ಕಂಬಕ್ಕೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದ್ರೂ ಡ್ರೈವರ್ ಕಡೆ ಸಿಗೋದು ಒಂದೂವರೆ ಗೇಣು. ಎರಡು ಬಾಗಿಲಿನ ಕಾರಿನ ಬಾಗಿಲು ಉದ್ದ, ಇದರದು ಸುಮಾರು 1.3 ಮೀಟರ್. ಅಷ್ಟು ಜಾಗದಲ್ಲಿ ಅದು ತೆರೆಯೋದು ಹದಿನಾರು ಡಿಗ್ರಿ. ಪಕ್ಕದಲ್ಲಿ ಕೂತವರು ಕಾರು ಒಳಗೆ ಹೋಗೋ ಮೊದಲೇ, ಹೊರಗೇ ಇಳೀಬೇಕು.

ಬಕೆಟ್ ಸೀಟಿನ ಅಂಚು ಗಟ್ಟಿ, ಎತ್ತರ. ಮಾಮೂಲಿ ಸೀಟಲ್ಲಿ ಕುಂಡಿ ಜಾರಿಸಿ ಪಕ್ಕಕ್ಕೆ ಇಳೀಬಹುದು, ಇದರಲ್ಲಿ ಮೊದಲು ಮೇಲೆ ಏಳಬೇಕು, ಆಮೇಲೆ ಪಕ್ಕಕ್ಕೆ. ಆ ಒಂದೂವರೆ ಗೇಣಲ್ಲಿ ಏಳೋಕೆ ತಲೆಗೂ ಜಾಗ ಇಲ್ಲ. ನಂಬಿಕೆ ಬರಲಿಲ್ಲ ಅಂತ ಮನೆಗೆ ಬಂದು ಟಿವಿ ಡಬ್ಬದ ರಟ್ಟು ಕತ್ತರಿಸಿ, ಊಟದ ಕುರ್ಚಿಗೆ ಎರಡೂ ಕಡೆ ಅಂಚು ಕಟ್ಟಿ, ಗೋಡೆ ಪಕ್ಕ ಅಷ್ಟೇ ಜಾಗ ಬಿಟ್ಟು ಇಟ್ವಿ. ಎಂಟೆಕ್ ಇಬ್ಬರು ರಟ್ಟಿನ ಕುರ್ಚಿಯಲ್ಲಿ ಕೂತು ಏಳೋದನ್ನ ಅವನ ಹೆಂಡತಿ ವಿಡಿಯೋ ಮಾಡಿದ್ಲು. ಅದು ಈ ಚಾನೆಲ್ಲಿಗೆ ಬರಲ್ಲ.

ಆಮೇಲೆ ಲೆಕ್ಕ. ಆಫೀಸು ಸೀಪ್ಜ್ ಕಡೆ. ದಿನಕ್ಕೆ ಎರಡು ಹತ್ತೋದು, ಎರಡು ಇಳಿಯೋದು. ವಾರಾಂತ್ಯವೂ ಸೇರಿದ್ರೆ ವರ್ಷಕ್ಕೆ ಸಾವಿರ ಸಲ. ಟ್ರ್ಯಾಕಿಗೆ? "ಹೋಗ್ತೀನಲೇ" ಅಂದ. ಎಲ್ಲಿಗೆ? ಚೆನ್ನೈ ಹತ್ರ ಇರುಂಗಾಟ್ಟುಕೋಟೈ, ಇಲ್ಲಾ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್. ಅಂಧೇರಿಯಿಂದ ಎರಡೂ ಸಾವಿರದ ಮುನ್ನೂರು ಕಿಲೋಮೀಟರಿಗೆ ಕಮ್ಮಿ ಇಲ್ಲ. ವರ್ಷಕ್ಕೆ ಎರಡು ದಿನ ಅಂತ ಅವನೇ ಒಪ್ಪಿಕೊಂಡ. ಹತ್ತು ದಿನ ಹೋಗೋನಾಗಿದ್ರೆ ನಾನು ಕಣ್ಣು ಮುಚ್ಚಿ ಬಕೆಟ್ ಅಂತಿದ್ದೆ.

ಇನ್ನು ರಸ್ತೆ. ಕೂತ ಮನುಷ್ಯನ ಮೈ ಮೇಲೆ ಕೆಳಗೆ ಅಲುಗಾಡೋದಕ್ಕೆ ಸೆಕೆಂಡಿಗೆ 4ರಿಂದ 8 ಸಲದ ಕಂಪನದಲ್ಲಿ ಅತಿ ಸೂಕ್ಷ್ಮ ಅಂತ ಐಎಸ್‌ಒ 2631 ಮಾನದಂಡ ಹೇಳುತ್ತೆ. ಸೀಟಿನ ಫೋಮು, ಸ್ಪ್ರಿಂಗು ಒಂದು ಫಿಲ್ಟರ್ ಥರ, ರಸ್ತೆಯ ಒರಟುತನವನ್ನ ಸ್ವಲ್ಪ ನುಂಗುತ್ತೆ. ಗಟ್ಟಿ ಚಿಪ್ಪಿನ ಮೇಲೆ ಎರಡು ಬೆರಳು ಪ್ಯಾಡ್ ಇದ್ರೆ ನುಂಗೋಕೆ ಏನೂ ಉಳಿಯಲ್ಲ. ಕಾಂಕ್ರೀಟ್ ರಸ್ತೆಯ ಜಾಯಿಂಟು, ಪೇವರ್ ಬ್ಲಾಕು, ಅಗೆದು ಮುಚ್ಚಿದ ಗುಂಡಿ, ಎಲ್ಲಾ ನೇರ ಸೊಂಟಕ್ಕೆ. ಏಳು ಕಿಲೋಮೀಟರಿಗೆ ಐವತ್ತು ನಿಮಿಷ, ಗಂಟೆಗೆ ಹತ್ತು ಕಿಲೋಮೀಟರ್ ವೇಗ ಇಲ್ಲ, ಅಲ್ಲಿ ಪಕ್ಕಕ್ಕೆ ತಳ್ಳೋ ಜಿ ಬಲ ಎಲ್ಲಿಂದ ಬರಬೇಕು.

ಇಷ್ಟೆಲ್ಲಾ ಹೇಳಿದ್ರೂ ಅವನು ಒಪ್ಪಲಿಲ್ಲ. ಒಪ್ಪಬಾರದು ಕೂಡ. ಹಾಸ್ಟೆಲ್ ಗೋಡೆಯ ಚಿತ್ರದಲ್ಲಿದ್ದ ಸೀಟು ಅದು, ಎಕ್ಸೆಲ್ ಅದನ್ನ ಅಳೆಯಲ್ಲ. ಆ ವಾರ ಅವನಪ್ಪ ಹುಬ್ಬಳ್ಳಿಯಿಂದ ಬಂದಿದ್ರು. ಸಾರಿಗೆ ಸಂಸ್ಥೆಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ಮೊಣಕಾಲು ಎರಡೂ ಹೋಗಿವೆ. ಶೋರೂಮಿಗೆ ಅವರನ್ನೂ ಕರಕೊಂಡು ಹೋದ್ವಿ. ಎರಡೂ ಥರದ ಸೀಟಿನ ಕಾರು ಇತ್ತು.

ಕಾಕಾ ಮೊದಲು ಬಕೆಟ್ಟಲ್ಲೇ ಕೂತ್ರು. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು, ಸೊಂಟ ಆಚೆ ಈಚೆ ಅಲ್ಲಾಡಿಸಿ ನೋಡಿದ್ರು. "ಏ, ಛಲೋ ಹಿಡಿತೈತಿ ನೋಡಪಾ. ಬಸ್ಸಿನ್ಯಾಗ ಇಂಥಾದ್ದಿದ್ರ ಅರಬೈಲ್ ಘಾಟಿನ್ಯಾಗ ನಾ ಹಿಂಗ್ ಜೋತು ಬೀಳ್ತಿರ್ಲಿಲ್ಲ." ನನಗೆ ನಗು ಬಂತು. ನಾನು ಎರಡು ವಾರ ತಲೆ ಕೆಡಿಸಿಕೊಂಡು ಹೇಳಿದ್ದನ್ನ ಅವರು ಕೂತ ಅರ್ಧ ನಿಮಿಷಕ್ಕೆ ಹೇಳಿದ್ರು. ಆಮೇಲೆ ಇಳಿಯೋಕೆ ಹೋದ್ರು. ಬಾಗಿಲು ಪೂರ್ತಿ ತೆರೆದೇ ಇತ್ತು. ಒಂದು ಸಲ ಎದ್ದು ಮತ್ತೆ ಕೂತ್ರು. ಇನ್ನೊಂದು ಸಲ. ಆಮೇಲೆ ಮಗನ ಕಡೆ ಕೈ ಚಾಚಿದ್ರು. ಬಸ್ಸಿನ ಕ್ಯಾಬಿನ್ನಿಂದ ಒಂದೇ ಜಿಗಿತಕ್ಕೆ ಇಳೀತಿದ್ದ ಅಪ್ಪನ್ನ ನೋಡಿದ್ದ ಮಗ ಅವನು. ಕೈ ಹಿಡಿದು ಎಬ್ಬಿಸಿದ, ಏನೂ ಮಾತಾಡಲಿಲ್ಲ.

ಕಾಕಾ ಪ್ಯಾಂಟು ಕೊಡವಿಕೊಂಡು, "ಇದನ್ನ ತೊಗೊ. ನಾ ವರ್ಷಕ್ಕ ಎಷ್ಟ್ ದಿನಾ ಕೂಡಾಂವ? ನೀ ದಿನಾ ಕೂಡ್ತಿ" ಅಂದ್ರು.

ಅವನು ಮಾಮೂಲಿ ಸೀಟಿಗೆ ಟಿಕ್ ಹಾಕಿದ. ಸರಿ ಮಾಡಿದ್ನಾ ಅಂತ ನನಗೆ ಈಗಲೂ ಪೂರ್ತಿ ಖಾತ್ರಿ ಇಲ್ಲ. ಯಾವುದಾದ್ರೂ ಕಾರಿನ ಫೋಟೋ ನೋಡ್ತಾ ಅವನ ಬೆರಳು ಆ ಸೀಟಿನ ಮೇಲೆ ನಿಲ್ಲೋದನ್ನ ನೋಡಿದೀನಿ. ನಿಮ್ಮಲ್ಲಿ ಯಾರಾದ್ರೂ ಈ ಪಟ್ಟಿ ಮುಂದೆ ಕೂತಿದ್ರೆ, ಶೋರೂಮಲ್ಲಿ ಎರಡು ನಿಮಿಷ ಕೂತು ಬರಬೇಡಿ. ನಲವತ್ತು ನಿಮಿಷ ಕೂರಿ, ಪರ್ಸು ಜೇಬಲ್ಲೇ ಇರಲಿ. ನಿಮ್ಮ ಪಾರ್ಕಿಂಗಿನ ಅಳತೆ ಬರೆದುಕೊಂಡು ಹೋಗಿ, ಬಾಗಿಲು ಅಷ್ಟೇ ತೆರೆದು ಇಳಿದು ನೋಡಿ. ಮನೆಯಲ್ಲಿ ಹಿರಿಯರಿದ್ರೆ ಅವರನ್ನೂ ಕರಕೊಂಡು ಹೋಗಿ.

ಕಾರು ಬಂದ ಮೇಲೆ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಅಪ್ಪನ್ನ ಅಟಲ್ ಸೇತು ಮೇಲೆ ಕರಕೊಂಡು ಹೋದ. ಹಿಂದಿನ ಸಣ್ಣ ಸೀಟಲ್ಲಿ ನಾನು ಮಡಚಿಕೊಂಡು ಕೂತಿದ್ದೆ. ಸೀಟಿನ ಬೆನ್ನು ಉಬ್ಬಿಸೋ ಬಟನ್ ಎಲ್ಲಿದೆ, ಹೆಂಗೆ ಒತ್ತಬೇಕು ಅಂತ ಅಪ್ಪನಿಗೆ ತೋರಿಸ್ತಿದ್ದ. ಕಾಕಾ ಹೂಂ ಹೂಂ ಅಂದು, ಹೆಗಲ ಮೇಲಿದ್ದ ಟವೆಲ್ ತೆಗೆದು ನಾಲ್ಕು ಮಡಿಕೆ ಮಾಡಿ ಸೊಂಟದ ಹಿಂದೆ ಸಿಕ್ಕಿಸಿಕೊಂಡು, "ಹಾಂ, ಈಗ ನಡೀ" ಅಂದ್ರು.