ಮಕ್ಕಳನ್ನು ಎಲ್ಲಿ ಕೂರಿಸಬೇಕು?



ಇಂದು ಆಗಸ್ಟ್ 1. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಆ ಪೂಜ್ಯರು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಜನ ಜೋಳ ಹಾಕುವುದು, ಕಾಣಿಕೆ ಹಾಕುವುದು ವಾಡಿಕೆ. ಅವರು ಅದನ್ನು ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನು ಹಾಕಿರಿ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಈಗ ಸರ್ಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಈ ದಿನ ಕುಡಿತ ಕೆಟ್ಟದ್ದು ಎಂದು ಹೇಳುವುದು ಸುಲಭ; ಕೇಳಿ ತಲೆದೂಗುವುದು ಇನ್ನೂ ಸುಲಭ. ಆದುದರಿಂದ ಇಂದು ನಾವು ಒಂದೇ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ.

ಬೆಂಗಳೂರಿನಿಂದ ಮಠಕ್ಕೆ ಬಂದುಹೋಗುವ ಓದಿದ ಯುವಕರು, ಯುವತಿಯರು ನಮ್ಮನ್ನು ಕೇಳುತ್ತಾರೆ: "ಬುದ್ಧಿ, ಭಾನುವಾರ ಗೆಳೆಯರೆಲ್ಲ ಬ್ರೂ ಪಬ್ಬಿನಲ್ಲಿ ಸೇರುತ್ತೇವೆ. ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇವೆ. ಅವರಿಗೆ ಹಣ್ಣಿನ ರಸ, ತಿಂಡಿ. ಇದರಲ್ಲಿ ತಪ್ಪೇನಿದೆ?" ಹಳ್ಳಿಯ ಹಿರಿಯರಿಗೆ ಈ ಹೆಸರು ಹೊಸದಾಗಿರಬಹುದು. ಬಾರ್ಲಿಯನ್ನು ಹುದುಗಿಸಿ, ಬಿಯರನ್ನು ಅದೇ ಕಟ್ಟಡದಲ್ಲಿ ತಯಾರಿಸಿ ಅಲ್ಲಿಯೇ ಬಡಿಸುವ ಜಾಗಕ್ಕೆ ಆ ಹೆಸರು. 2010ರ ನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಇವು ಬಹಳವಾಗಿ ಹುಟ್ಟಿಕೊಂಡವು. ಹಳೆಯ ಕಾಲದ ಹೆಂಡದಂಗಡಿಯಂತೆ ಕತ್ತಲೆಯಿಲ್ಲ, ವಾಸನೆಯಿಲ್ಲ. ಬೆಳಕಿದೆ, ಗಿಡಗಳಿವೆ, ಒಳ್ಳೆಯ ಊಟವಿದೆ. ಆದ್ದರಿಂದಲೇ ಪ್ರಶ್ನೆ ಹುಟ್ಟಿದೆ. ಕತ್ತಲೆಯ ಅಂಗಡಿಗೆ ಮಗುವನ್ನು ಒಯ್ಯಬಹುದೇ ಎಂದು ಯಾವ ತಾಯಿಯೂ ಕೇಳುವುದಿಲ್ಲ.

ಕೇಳುವವರು ಮೂರು ಮಾತು ಹೇಳುತ್ತಾರೆ. ಒಂದು, ಮಗು ಕುಡಿಯುವುದಿಲ್ಲವಲ್ಲ. ಎರಡು, ತಂದೆತಾಯಿ ಮಿತವಾಗಿ ಕುಡಿಯುವುದನ್ನು ನೋಡಿದರೆ ಮಗುವೂ ಮಿತವನ್ನು ಕಲಿಯುತ್ತದೆ. ಪರದೇಶಗಳಲ್ಲಿ ಹಾಗೆಯೇ ಇದೆಯಲ್ಲ. ಮೂರು, ನಗರದಲ್ಲಿ ಸಂಸಾರ ಸಮೇತ ಕುಳಿತುಕೊಳ್ಳಲು ಬೇರೆ ಜಾಗವೆಲ್ಲಿದೆ? ಈ ಮೂರನ್ನೂ ಹಗುರವಾಗಿ ತಳ್ಳಿಹಾಕಬಾರದು. ಒಂದೊಂದನ್ನಾಗಿ ವಿಚಾರಿಸೋಣ.

ಮೊದಲನೆಯದು. ಮಹಾಭಾರತದ ಆದಿಪರ್ವದಲ್ಲಿ ಕಚನ ಕಥೆಯಿದೆ. ದೇವಗುರು ಬೃಹಸ್ಪತಿಯ ಮಗ ಕಚ ಮೃತಸಂಜೀವಿನೀ ವಿದ್ಯೆಯನ್ನು ಕಲಿಯಲೆಂದು ಶುಕ್ರಾಚಾರ್ಯನಲ್ಲಿ ಶಿಷ್ಯನಾಗಿ ಸೇರಿದನು. ಅಸುರರಿಗೆ ಇದು ಸಹಿಸಲಿಲ್ಲ. ಎರಡು ಸಲ ಕೊಂದರು. ಎರಡು ಸಲವೂ ಗುರು ಬದುಕಿಸಿದನು. ಮೂರನೆಯ ಸಲ ಅವನನ್ನು ಸುಟ್ಟು, ಬೂದಿಯನ್ನು ಸುರೆಯಲ್ಲಿ ಕಲಸಿ ಗುರುವಿಗೇ ಕುಡಿಸಿದರು. ಸಂಜೆಯಾದರೂ ಕಚ ಬರಲಿಲ್ಲವೆಂದು ಗುರುಪುತ್ರಿ ದೇವಯಾನಿ ಅತ್ತಳು. ಗುರು ಮಂತ್ರ ಹೇಳಿ ಕರೆದನು. ಉತ್ತರ ಬಂದದ್ದು ಗುರುವಿನ ಹೊಟ್ಟೆಯೊಳಗಿನಿಂದ! ಆಮೇಲೆ ಇಬ್ಬರೂ ಬದುಕಿದರು. ಆದರೆ ಶುಕ್ರಾಚಾರ್ಯನು ಸುರೆಯ ಮೇಲೆ ಕೋಪಗೊಂಡು, ಇನ್ನು ಮುಂದೆ ಅದನ್ನು ಕುಡಿಯುವ ವಿಪ್ರನಿಗೆ ಬ್ರಹ್ಮಹತ್ಯೆಯ ದೋಷವೆಂದು ಕಟ್ಟಳೆ ಮಾಡಿದನು. ಆ ಕಟ್ಟಳೆ ಯಾವ ವರ್ಣಕ್ಕೆ ಎಂಬ ಚರ್ಚೆ ನಮಗೆ ಬೇಡ; ಶರಣರಲ್ಲಿ ಆ ಭೇದವಿಲ್ಲ. ನಾವು ಗಮನಿಸಬೇಕಾದದ್ದು ಬೇರೆ. ಶುಕ್ರಾಚಾರ್ಯ ದಡ್ಡನಲ್ಲ, ದುಷ್ಟನಲ್ಲ, ಮಹಾಜ್ಞಾನಿ. ಶಿಷ್ಯನ ಮೇಲೆ ಪ್ರೀತಿಯುಳ್ಳವನು. ಆದರೂ ತನ್ನನ್ನು ನಂಬಿ ಬಂದ ಹುಡುಗ ತನ್ನ ಬಟ್ಟಲಿನಲ್ಲಿಯೇ ಇದ್ದಾನೆ ಎಂಬುದು ಅವನಿಗೆ ತಿಳಿಯಲಿಲ್ಲ. ಕುಡಿಯುವ ಹಿರಿಯನ ಬಟ್ಟಲಿನಲ್ಲಿ ಒಂದು ಕೂಸು ಇದ್ದೇ ಇರುತ್ತದೆ. ಕುಡಿಯುವವನಿಗೆ ಮಾತ್ರ ಅದು ಕಾಣುವುದಿಲ್ಲ.

ಮಗು ಬಾಯಿಂದ ಕುಡಿಯುವುದಿಲ್ಲ, ನಿಜ. ಕಣ್ಣಿನಿಂದ ಕುಡಿಯುತ್ತದೆ. ನಾವು ಲಿಂಗಧಾರಣೆಯನ್ನು ಮಗುವಿಗೆ ಏಕೆ ಎಳವೆಯಲ್ಲಿಯೇ ಮಾಡಿಸುತ್ತೇವೆ? ಅದಕ್ಕೆ ಅರ್ಥ ತಿಳಿಯುತ್ತದೆಂದೇ? ಇಲ್ಲ. ಅರ್ಥಕ್ಕಿಂತ ಮೊದಲು ಸಂಸ್ಕಾರ ಇಳಿಯುತ್ತದೆ ಎಂದು. ಅಜ್ಜಿ ಕೈಮುಗಿದರೆ ಕೂಸು ಕೈಮುಗಿಯುತ್ತದೆ. ಹಾಗಾದರೆ ಅದೇ ಕೂಸು ಐದು ವರ್ಷ, ಆರು ವರ್ಷ, ಪ್ರತಿ ಭಾನುವಾರ ಒಂದನ್ನು ನೋಡುತ್ತದೆ ಎನ್ನೋಣ: ವಾರವೆಲ್ಲ ಸಿಡುಕುವ ಅಪ್ಪ ಲೋಟ ಮುಂದೆ ಬಂದ ಮೇಲೆ ನಗುತ್ತಾನೆ, ಗೆಳೆಯರು ಲೋಟ ಎತ್ತಿದ ಮೇಲೆಯೇ ಹಬ್ಬ ಶುರುವಾಗುತ್ತದೆ. ಆ ಕೂಸಿಗೆ ನೀವು ಯಾವ ದೀಕ್ಷೆ ಕೊಟ್ಟ ಹಾಗಾಯಿತು? ಸಂತೋಷವೆಂದರೆ ಲೋಟದಲ್ಲಿ ಇರುವಂಥದ್ದು ಎಂಬ ದೀಕ್ಷೆ. ನಮ್ಮ ಆಕ್ಷೇಪವಿರುವುದು ಇದಕ್ಕೆ.

ಎರಡನೆಯದು, ಮಿತದ ಮಾತು. ಇಂಗ್ಲೆಂಡಿನಲ್ಲಿ ಮಕ್ಕಳು ಪಬ್ಬಿನಲ್ಲಿ ಕೂರುತ್ತಾರಲ್ಲ ಎನ್ನುತ್ತಾರೆ. ಆ ದೇಶದ ಪೂರ್ತಿ ಕಥೆಯನ್ನು ಓದಬೇಕು. ಒಂದು ಕಾಲಕ್ಕೆ ಅಲ್ಲಿಯ ಕೂಲಿಕಾರರ ಮಕ್ಕಳು ಹೂಜಿ ಹಿಡಿದುಕೊಂಡು ಅಪ್ಪನಿಗೆ ಬಿಯರ್ ತರಲು ಹೋಗುತ್ತಿದ್ದರು. ಅದನ್ನು ಕಂಡು ನೊಂದ ಜನ ಹೋರಾಡಿದ ಮೇಲೆ 1901ರಲ್ಲಿ ಮಕ್ಕಳ ಕೈಗೆ ಮದ್ಯ ಕೊಡುವುದಕ್ಕೆ ಕಡಿವಾಣ ಬಿತ್ತು. 1908ರ ಮಕ್ಕಳ ಕಾಯಿದೆ ಹದಿನಾಲ್ಕು ವರ್ಷದೊಳಗಿನವರನ್ನು ಬಾರಿನೊಳಗೆ ಬಿಡಬಾರದೆಂದಿತು. ಬಹುಕಾಲದ ಮೇಲೆ, 2003ರ ಕಾಯಿದೆಯಿಂದ, ಹಿರಿಯರ ಜೊತೆಯಲ್ಲಿ ಮಕ್ಕಳು ಬರಲು ಅವಕಾಶ ಹೆಚ್ಚಾಯಿತು. ಅವರು ನೂರು ವರ್ಷ ಬಾಗಿಲು ಮುಚ್ಚಿ ತೆರೆದದ್ದನ್ನು ನೋಡಿ, ನಾವು ಮುಚ್ಚುವುದಕ್ಕೆ ಮೊದಲೇ ತೆರೆಯುವುದು ವಿವೇಕವಲ್ಲ.

ಇನ್ನು, ತಂದೆತಾಯಿಯೇ ತಮ್ಮ ಕೈಯಿಂದ ಸ್ವಲ್ಪ ರುಚಿ ತೋರಿಸಿದರೆ ಮಗು ಮುಂದೆ ಹಾಳಾಗುವುದಿಲ್ಲ ಎಂಬ ನಂಬಿಕೆಯೂ ಉಂಟು. ಆಸ್ಟ್ರೇಲಿಯಾದ ಸಂಶೋಧಕರು ಸುಮಾರು 1,900 ಹುಡುಗ ಹುಡುಗಿಯರನ್ನು ಆರು ವರ್ಷ ಗಮನಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಮನೆಯವರು ಕೊಟ್ಟ ಮದ್ಯ ಮಕ್ಕಳನ್ನು ಕಾಪಾಡಿದ್ದು ಅವರಿಗೆ ಕಾಣಲಿಲ್ಲ. ಅಂಥ ಮಕ್ಕಳಲ್ಲಿ ಅತಿಯಾಗಿ ಕುಡಿಯುವುದೇ ಮೊದಲಾದ ಕೇಡು ಹೆಚ್ಚಾಗಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ಸಾರಿತು. ಮಿತವೆಂಬುದು ಕುಡಿಯುವವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ. ಮಗುವಿಗೆ ಮಿತವನ್ನು ಕಲಿಸಬೇಕೆಂದಿದ್ದರೆ ಊಟದಲ್ಲಿ, ಮಾತಿನಲ್ಲಿ, ಖರ್ಚಿನಲ್ಲಿ ಕಲಿಸಲು ಬೇಕಾದಷ್ಟು ಅವಕಾಶವಿದೆ.

ನಮ್ಮ ರಾಜ್ಯದ ನಿಯಮವನ್ನೇ ನೋಡಿರಿ. ಶಾಲೆಯಿಂದ, ದೇವಸ್ಥಾನದಿಂದ 100 ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂಬುದು ಅಬಕಾರಿಯ ಸಾಮಾನ್ಯ ನಿಯಮ. ಇಪ್ಪತ್ತೊಂದು ವರ್ಷದೊಳಗಿನವರಿಗೆ ಮಾರಬಾರದೆಂದೂ ಇದೆ. 2023ರ ಜನವರಿಯಲ್ಲಿ ಅದನ್ನು ಹದಿನೆಂಟಕ್ಕೆ ಇಳಿಸಲು ಸರ್ಕಾರ ಕರಡು ಹೊರಡಿಸಿತು. ಜನ ಆಕ್ಷೇಪಿಸಿದ್ದರಿಂದ ಹಿಂದೆ ತೆಗೆದುಕೊಂಡಿತು. ಅಂಗಡಿಯನ್ನು ಮಗುವಿನಿಂದ ನೂರು ಮೀಟರು ದೂರ ಇಡಿರಿ ಎಂದು ಕಾನೂನು ಹೇಳಿದರೆ, ನಾವು ಮಗುವನ್ನು ಎತ್ತಿಕೊಂಡು ಆ ನೂರು ಮೀಟರನ್ನು ನಡೆದು ಒಳಗೆ ಹೋಗುತ್ತೇವೆ. ಮತ್ತೆ ಹಿಂತಿರುಗುವಾಗ ಗಾಡಿಯ ಚಕ್ರ ಯಾರ ಕೈಯಲ್ಲಿರುತ್ತದೆ? 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಗಾಡಿ ನಡೆಸುವುದು ಅಪರಾಧ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಕೂಸಿಗೆ ಈ ಲೆಕ್ಕ ಗೊತ್ತಿಲ್ಲ. ಅದು ಅಪ್ಪನನ್ನು ನಂಬಿ ಮಲಗಿದೆ.

ಇಷ್ಟು ಕೇಳಿ, ಮುಂದಿನ ಸಾಲಿನಲ್ಲಿ ಕುಳಿತ ಹಳ್ಳಿಯ ಹಿರಿಯರು ನಗುತ್ತಿದ್ದೀರಿ. ಪಟ್ಟಣದವರಿಗೆ ಸರಿಯಾಗಿ ಹೇಳಿದಿರಿ ಬುದ್ಧಿ ಎಂಬ ಭಾವ ಮುಖದಲ್ಲಿದೆ. ಸ್ವಲ್ಪ ತಡೆಯಿರಿ. ಮಗು ಬಾರಿಗೆ ಹೋಗದಿದ್ದರೂ ಬಾರು ಮಗುವಿನ ಮನೆಗೆ ಬಂದರೆ ಏನು ಹೇಳೋಣ? 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ 90 ಮಿಲಿಲೀಟರಿನ ಪೊಟ್ಟಣಗಳು ಬಂದವು. "ಹೋಗೋ ಮಗನೇ, ಒಂದು ಪಾಕೀಟು ತಾ" ಎಂದು ಹತ್ತು ವರ್ಷದ ಹುಡುಗನ ಕೈಗೆ ದುಡ್ಡು ಕೊಡುವ ತಂದೆ ನಮ್ಮ ಹಳ್ಳಿಗಳಲ್ಲಿ ಇಲ್ಲವೇ? ವಿಭೂತಿ ಧರಿಸಿದವರ ಮನೆಗಳಲ್ಲಿಯೂ ಇಲ್ಲವೇ? 2015ರ ಬಾಲನ್ಯಾಯ ಕಾಯಿದೆಯಂತೆ ಮಗುವಿಗೆ ಮದ್ಯ ಕೊಟ್ಟವನಿಗೂ, ಮದ್ಯ ಸಾಗಿಸಲು, ಮಾರಲು ಮಗುವನ್ನು ಬಳಸಿದವನಿಗೂ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಬ್ರೂ ಪಬ್ಬಿನ ಮಗು ಅಪ್ಪ ನಗುವುದನ್ನು ನೋಡುತ್ತದೆ. ಈ ಮಗು ಅಮ್ಮ ಅಳುವುದನ್ನು ನೋಡುತ್ತದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯನಿಷೇಧ ಬೇಕೆಂದು ನಡೆದು ಹೋದರು. ಮನೆಯಲ್ಲಿ ನೆಮ್ಮದಿಯಿದ್ದವರು ಹಾಗೆ ನಡೆಯುತ್ತಾರೆಯೇ?

ಆದ್ದರಿಂದ ಪಟ್ಟಣದವರನ್ನು ಬೈದು ನಾವು ಪುಣ್ಯ ಸಂಪಾದಿಸಿಕೊಳ್ಳುವುದು ಬೇಡ. ಎರಡೂ ಕಡೆ ಮಗು ಒಂದೇ, ಪಾಠ ಒಂದೇ.

ಇನ್ನು ಮೂರನೆಯ ಮಾತು: ಬೇರೆ ಜಾಗವೆಲ್ಲಿದೆ? ಈ ಮಾತು ನಮ್ಮ ಮನಸ್ಸನ್ನು ನಿಜವಾಗಿ ತಟ್ಟಿದೆ. ಚಿಕ್ಕ ಮನೆ, ಅಜ್ಜ ಅಜ್ಜಿ ಊರಿನಲ್ಲಿ, ನೆರೆಯವರ ಗುರುತಿಲ್ಲ, ಮಕ್ಕಳು ಕೂಗಾಡಿದರೆ ಕೆಳಗಿನ ಮನೆಯವರ ತಕರಾರು. ಮಗುವನ್ನು ಬಿಟ್ಟು ಹೋಗಲು ಯಾರೂ ಇಲ್ಲ. ಹೋಗದಿದ್ದರೆ ತಾಯಿ ವಾರವೆಲ್ಲ ನಾಲ್ಕು ಗೋಡೆಯೊಳಗೆ. ಆ ತಾಯಿಗೆ ನೀನು ಹೋಗಬೇಡ ಎಂದು ಹೇಳಿ ನಮ್ಮ ಕೆಲಸ ಮುಗಿಯಿತು ಎನ್ನಲಾದೀತೇ? ಬೇಡವೆಂದವರು ಬೇಕಾದುದನ್ನು ಕೊಡಬೇಕು. ಬಸವಾದಿ ಶರಣರು ಸಂತೆಯನ್ನು ಬೈದು ಸುಮ್ಮನಾಗಲಿಲ್ಲ. ಅನುಭವ ಮಂಟಪವನ್ನು ಕಟ್ಟಿದರು, ಮಹಾಮನೆಯ ಬಾಗಿಲನ್ನು ತೆರೆದರು. ಹೆಂಡ ಮಾರುವ ಮಾರಯ್ಯನೂ ಅಲ್ಲಿಗೆ ಬಂದು ಶರಣನಾದನು. ನಗರಗಳಲ್ಲಿರುವ ನಮ್ಮ ಮಠಗಳ, ಸಮಾಜದ ಭವನಗಳ ಅಂಗಳಗಳು ಮದುವೆಗೆ ಬಾಡಿಗೆ ಹೋಗುತ್ತವೆ. ಉಳಿದ ದಿನ ಬೀಗ ಬಿದ್ದಿರುತ್ತದೆ. ಭಾನುವಾರ ಆ ಬೀಗವನ್ನು ತೆಗೆಯಿರಿ. ಮಕ್ಕಳು ಓಡಾಡಲಿ, ತಾಯಂದಿರು ಕೂತು ಮಾತಾಡಲಿ, ರೊಟ್ಟಿ ಪಲ್ಯದ ದಾಸೋಹ ನಡೆಯಲಿ. ಅಲ್ಲಿ ಉಪದೇಶವೇ ಬೇಡ; ನಾವೂ ಬರುವುದಿಲ್ಲ!

ಕುಡಿಯುವ ತಂದೆಯಂದಿರಿಗೆ ಒಂದು ಒರೆಗಲ್ಲನ್ನು ಕೊಡುತ್ತೇವೆ. ಕುಳಿತ ಜಾಗದಲ್ಲಿ ಮಗು ನಿಮ್ಮ ಅಂಗಿ ಹಿಡಿದು, "ಅಪ್ಪಾ, ನಿದ್ದೆ ಬರುತ್ತಿದೆ, ಮನೆಗೆ ಹೋಗೋಣ" ಎಂದಿತು. ಲೋಟ ಅರ್ಧ ತುಂಬಿದೆ. ಎದ್ದಿರೋ, ನೀವು ತಂದೆ. "ಒಂದು ನಿಮಿಷ ಕಂದಾ" ಎಂದಿರೋ, ಆ ನಿಮಿಷದ ಮಟ್ಟಿಗೆ ಆ ಮಗು ಯಾರೂ ಇಲ್ಲದ್ದು.

ಇಂದು ಜೋಳಿಗೆ ನಿಮ್ಮ ಮುಂದೆ ಬರುತ್ತದೆ. ಚಟವನ್ನು ಪೂರ್ತಿ ಹಾಕುವ ಶಕ್ತಿ ಇದ್ದವರು ಹಾಕಿರಿ. ಅಷ್ಟು ಶಕ್ತಿ ಇಂದು ಇಲ್ಲದವರು ಇಷ್ಟನ್ನಾದರೂ ಹಾಕಿರಿ: ನನ್ನ ಮಗುವನ್ನು ಅಲ್ಲಿಗೆ ಒಯ್ಯುವುದಿಲ್ಲ, ಅಲ್ಲಿಂದ ತರಲು ಕಳಿಸುವುದಿಲ್ಲ, ಅದರ ಕಣ್ಣೆದುರಿಗೆ ಬಟ್ಟಲು ಹಿಡಿಯುವುದಿಲ್ಲ. ಮಗುವಿಗಾಗಿ ಅಡಗಿಸಿಟ್ಟ ಬಟ್ಟಲು ನಿಮ್ಮನ್ನೇ ಪ್ರಶ್ನಿಸತೊಡಗುತ್ತದೆ. ಮಗುವಿಗೆ ತೋರಿಸಲು ನಾಚುವಂಥದ್ದನ್ನು ನಾನೇಕೆ ಕುಡಿಯುತ್ತಿದ್ದೇನೆ ಎಂದು ಒಂದು ದಿನ ನಿಮಗೇ ತೋರೀತು. ಆ ದಿನ ಉಳಿದದ್ದೂ ಜೋಳಿಗೆಗೆ ಬರುತ್ತದೆ.

ಗುರುಬಸವೇಶ್ವರರು ನಿಮ್ಮ ಮನೆಯ ಮಕ್ಕಳನ್ನು ಚೆನ್ನಾಗಿಟ್ಟಿರಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.