ಕ್ರೀಮ್: 28 ತಿಂಗಳ ಬ್ಯಾಂಡು, 50 ವರ್ಷದ ಜಗಳ

ಇವತ್ತಿನ ಕಥೆ ಲಂಡನ್ನಿನದು. 1966ರ ಜುಲೈನಲ್ಲಿ ಶುರುವಾಗಿ 1968ರ ನವೆಂಬರ್‌ನಲ್ಲಿ ಮುಗಿದು ಹೋದ ಕ್ರೀಮ್ ಅನ್ನೋ ಬ್ಯಾಂಡಿನದು. ಮೂರೇ ಜನ. ಗಿಟಾರ್‌ಗೆ ಎರಿಕ್ ಕ್ಲಾಪ್ಟನ್, ಬೇಸ್ ಗಿಟಾರ್ ಮತ್ತು ಹಾಡುಗಾರಿಕೆಗೆ ಜಾಕ್ ಬ್ರೂಸ್, ಡ್ರಮ್ಸ್‌ಗೆ ಜಿಂಜರ್ ಬೇಕರ್. ಕ್ಲಾಪ್ಟನ್ ಹೆಸರು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರತ್ತೆ. ಆದರೆ ನನಗೆ ಹೇಳಬೇಕಾಗಿರೋದು ಉಳಿದ ಇಬ್ಬರ ವಿಷಯ.

ಬೇಕರ್ ಮತ್ತು ಬ್ರೂಸ್ ಕ್ರೀಮ್‌ಗೂ ಮೊದಲು ಗ್ರಹಾಂ ಬಾಂಡ್ ಅನ್ನೋರ ತಂಡದಲ್ಲಿ ಒಟ್ಟಿಗೆ ಇದ್ದವರು. ಆಗಲೇ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ವೇದಿಕೆ ಮೇಲೇ ಕೈ ಕೈ ಮಿಲಾಯಿಸಿದ್ದೂ ಉಂಟು. ಕೊನೆಗೆ ಬೇಕರ್ ಬ್ರೂಸ್‌ನನ್ನ ತಂಡದಿಂದ ತೆಗೆದುಹಾಕಿದ. ಬ್ರೂಸ್ ಕೇರ್ ಮಾಡದೆ ಕಾರ್ಯಕ್ರಮಗಳಿಗೆ ಬರ್ತಾನೇ ಇದ್ದ, ಬೇಕರ್ ಚಾಕು ತೋರಿಸಿದ ಮೇಲೆ ನಿಲ್ಲಿಸಿದ. (ಅದೇ ತಂಡದಲ್ಲಿ ಸ್ವಲ್ಪ ಕಾಲ ಗಿಟಾರ್ ನುಡಿಸಿದವರು ಜಾನ್ ಮೆಕ್‌ಲಾಫ್ಲಿನ್. ಮುಂದೆ ನಮ್ಮ ಜಾಕಿರ್ ಹುಸೇನ್, ಎಲ್. ಶಂಕರ್, ಘಟಂ ವಿಕ್ಕು ವಿನಾಯಕರಾಮ್ ಅವರ ಜೊತೆ 'ಶಕ್ತಿ' ಕಟ್ಟಿದ್ದು ಇದೇ ಮನುಷ್ಯ. ಮುಂಬೈ, ಚೆನ್ನೈನಲ್ಲಿ ಕೂತು ಇದನ್ನ ಓದ್ತಿರೋರಿಗೆ ಅಲ್ಲಿಂದ ಒಂದು ಎಳೆ ಸಿಗತ್ತೆ.)

ಇಷ್ಟೆಲ್ಲ ಆದ ಮೇಲೆ, 1966ರಲ್ಲಿ, ಬೇಕರ್ ಕ್ಲಾಪ್ಟನ್‌ಗೆ "ಹೊಸ ಬ್ಯಾಂಡ್ ಮಾಡೋಣವಾ" ಅಂತ ಕೇಳಿದ. ಇಬ್ಬರೂ ಕಾರಲ್ಲಿ ಬರ್ತಿದ್ದರು, ಓಡಿಸ್ತಿದ್ದವನು ಬೇಕರ್. ಕ್ಲಾಪ್ಟನ್ ಹಾಕಿದ ಷರತ್ತು ಒಂದೇ: ಬೇಸ್‌ಗೆ ಜಾಕ್ ಬ್ರೂಸ್ ಬೇಕು. ಆ ಹೆಸರು ಕೇಳಿ ಬೇಕರ್ ಕಾರನ್ನ ಎಲ್ಲಿಗೋ ಗುದ್ದಿಸೋದರಲ್ಲಿದ್ದ ಅಂತ ಕ್ಲಾಪ್ಟನ್ ಆಮೇಲೆ ಹೇಳಿಕೊಂಡಿದ್ದಾರೆ. ಆದರೂ ಬೇಕರ್ ಹೋಗಿ ಬ್ರೂಸ್‌ನನ್ನ ಕೇಳಿದ. ಯಾಕೆ ಅಂದ್ರೆ ಅವನಿಗಿಂತ ಒಳ್ಳೆ ಬೇಸ್ ವಾದಕ ಲಂಡನ್ನಲ್ಲಿ ಇರಲಿಲ್ಲ, ಅದು ಬೇಕರ್‌ಗೂ ಗೊತ್ತಿತ್ತು. ತಾವು ಮೂವರೂ ಕೆನೆ, ಉಳಿದವರು ಹಾಲು ಅನ್ನೋ ಅರ್ಥದಲ್ಲೇ ಹೆಸರಿಟ್ಟುಕೊಂಡರು. ಜಂಬ ಅನ್ನಿ. ಸುಳ್ಳಂತೂ ಅಲ್ಲ.

ಬ್ರೂಸ್ ಸ್ಕಾಟ್‌ಲೆಂಡಿನವನು, ಚೆಲ್ಲೋ ಕಲಿತವನು. ಬೇಕರ್ ಜಾಜ್‌ನಿಂದ ಬಂದವನು. ಫಿಲ್ ಸೀಮನ್ ಅನ್ನೋ ಡ್ರಮ್ಮರ್ ಅವನಿಗೆ ಆಫ್ರಿಕಾದ ವಾದ್ಯಗಳ ರೆಕಾರ್ಡು ಕೇಳಿಸಿದ್ದ, ಆ ಲಯ ಅವನ ತಲೆಯಿಂದ ಕೊನೇವರೆಗೂ ಇಳೀಲಿಲ್ಲ. ಕ್ಲಾಪ್ಟನ್‌ಗೆ ಬೇಕಾಗಿದ್ದು ಅಮೆರಿಕದ ಕರಿಯರ ಬ್ಲೂಸ್. ಹಾಗಾಗಿ ಮೂವರೂ ಒಂದೇ ಹಾಡನ್ನ ಮೂರು ಕಡೆಯಿಂದ ಎಳೀತಿದ್ದರು.

1967ರಲ್ಲಿ ನ್ಯೂಯಾರ್ಕಿಗೆ ಹೋಗಿ ಎರಡನೇ ಆಲ್ಬಂ ರೆಕಾರ್ಡ್ ಮಾಡಿದರು. ವೀಸಾ ಮುಗೀತಿತ್ತು, ಕೆಲವೇ ದಿನದಲ್ಲಿ ಕೆಲಸ ಮುಗಿಸಬೇಕು. ಆಲ್ಬಮ್ಮಿನ ಹೆಸರು 'ಡಿಸ್ರೇಲಿ ಗಿಯರ್ಸ್'. ಅವರ ಜೊತೆಗಿದ್ದ ಕೆಲಸದವನೊಬ್ಬ ಸೈಕಲ್ಲಿನ ಡೆರೇಲರ್ ಗಿಯರ್ ಅನ್ನೋಕೆ ಹೋಗಿ, ಹಳೇ ಪ್ರಧಾನಿ ಡಿಸ್ರೇಲಿ ಹೆಸರು ಹೇಳಿಬಿಟ್ಟ. ನಕ್ಕು ನಕ್ಕು ಅದನ್ನೇ ಇಟ್ಟರು.

ಈಗ ಆ ಆಲ್ಬಮ್ಮಿನ 'ಸನ್‌ಶೈನ್ ಆಫ್ ಯುವರ್ ಲವ್' ಹಾಡಿಗೆ ಬರೋಣ. ನನ್ನ ಪ್ರಕಾರ ಇಡೀ ಕಥೆ ಇರೋದು ಇಲ್ಲೇ. ಜಿಮಿ ಹೆಂಡ್ರಿಕ್ಸ್ ಕಾರ್ಯಕ್ರಮ ನೋಡಿ ಬಂದ ಬ್ರೂಸ್‌ಗೆ ಆ ಪ್ರಸಿದ್ಧ ಬೇಸ್ ಸಂಗತಿ ಹೊಳೀತು. ಸಾಹಿತ್ಯಕ್ಕೆ ಕವಿ ಪೀಟ್ ಬ್ರೌನ್ ಸೇರಿದರು, ಒಂದು ಭಾಗ ಕ್ಲಾಪ್ಟನ್ ಹಾಕಿದರು. ಸಾಮಾನ್ಯವಾಗಿ ರಾಕ್ ಹಾಡಿನಲ್ಲಿ ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸಿದರೆ ಡ್ರಮ್ಮಿನ ಒತ್ತು ಬೀಳೋದು ಎರಡು ಮತ್ತು ನಾಲ್ಕರ ಮೇಲೆ. ಇಲ್ಲಿ ಒಂದು ಮತ್ತು ಮೂರರ ಮೇಲೆ ಬೀಳತ್ತೆ. ತೊಡೆ ಮೇಲೆ ತಾಳ ಹಾಕ್ಕೊಂಡು ಕೇಳಿ, ತಕ್ಷಣ ತಿಳಿಯತ್ತೆ. ಆ ಹಾಡಿಗೆ ಭಾರ ಬಂದಿರೋದು ಅದರಿಂದಲೇ. ಅದು ನನ್ನ ಯೋಚನೆ ಅಂತ ಬೇಕರ್, ನಾನು ಕೊಟ್ಟ ಸಲಹೆ ಅಂತ ಸ್ಟುಡಿಯೋ ಎಂಜಿನಿಯರ್ ಟಾಮ್ ಡೌಡ್. ಯಾರದ್ದೇ ಆಗಲಿ, ಹಾಡು ಬರೆದವರ ಪಟ್ಟಿಯಲ್ಲಿ ಬೇಕರ್ ಹೆಸರಿಲ್ಲ. 'ವೈಟ್ ರೂಂ' ಹಾಡಿನ ಆರಂಭ ಐದರ ಲೆಕ್ಕದಲ್ಲಿದೆ, ನಮ್ಮ ಖಂಡ ನಡೆ ಥರ. ಅದೂ ನಾನು ಸೇರಿಸಿದ್ದು ಅಂತ ಬೇಕರ್ ಹೇಳ್ತಿದ್ದ. ಅಲ್ಲೂ ಹೆಸರು ಬ್ರೂಸ್ ಮತ್ತು ಬ್ರೌನ್ ಅವರದ್ದು ಮಾತ್ರ.

ಇದು ಬರೀ ಹೆಸರಿನ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆ. ರೇಡಿಯೋದಲ್ಲಿ ಬರಲಿ, ಸಿನಿಮಾದಲ್ಲಿ ಬರಲಿ, ಹಾಡು ಬರೆದವರ ಪಾಲು ಬರೆದವರಿಗೇ ಹೋಗತ್ತೆ. ಅಲ್ಲಿನ ರೂಢಿಯಲ್ಲಿ ಹಾಡು ಅಂದ್ರೆ ಧಾಟಿ ಮತ್ತು ಮಾತು. ಲಯ ಲೆಕ್ಕಕ್ಕಿಲ್ಲ. ನಮ್ಮ ಕಛೇರಿಯಲ್ಲಿ ಮೃದಂಗದವರಿಗೆ ತನಿ ಆವರ್ತನ ಬಿಟ್ಟುಕೊಡ್ತೀವಿ. ಆದ್ರೆ ಆ ಹೊತ್ತಿಗೆ ಕಾಫಿಗೆ ಎದ್ದು ಹೋಗೋ ಸಭಿಕರೂ ನಾವೇ ಅಲ್ವಾ? ಬೇಕರ್ ಕೋಪಿಷ್ಠ, ಬಾಯಿ ಕೆಟ್ಟದ್ದು, ಹೆರಾಯಿನ್ ಚಟ ಬೇರೆ. ಆದರೆ ಈ ಒಂದು ವಿಷಯದಲ್ಲಿ ಅವನ ಕಡೆ ನ್ಯಾಯ ಇತ್ತು ಅಂತಲೇ ನನಗೆ ಅನ್ಸತ್ತೆ. ಬ್ರೂಸ್ ತಪ್ಪು ಮಾಡಿದ ಅಂತಲ್ಲ, ಅವನು ರೂಢಿ ಪ್ರಕಾರ ನಡೆದ.

ಬ್ಯಾಂಡ್ ಒಡೆದದ್ದು ಮಾತ್ರ ಸದ್ದಿನಿಂದ. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್‌ನಲ್ಲಿ ಎಷ್ಟು ಹೊತ್ತಾದರೂ ನುಡಿಸಿ ಅಂದರು. ಮೂರು ನಿಮಿಷದ ಹಾಡು ಹದಿನೈದು, ಇಪ್ಪತ್ತು ನಿಮಿಷಕ್ಕೆ ಬೆಳೀತು. ಬೇಕರ್‌ನ ಡ್ರಮ್ ತನಿ 'ಟೋಡ್' ರೆಕಾರ್ಡಿನಲ್ಲೇ 16 ನಿಮಿಷ ಇದೆ. ಜೊತೆಗೆ ಆಂಪ್ಲಿಫಯರ್‌ಗಳೂ ಗೋಡೆ ಥರ ಎದ್ದು ನಿಂತವು. ಒಬ್ಬ ಜೋರು ಮಾಡಿದರೆ ಇನ್ನೊಬ್ಬ ಅವನಿಗಿಂತ ಜೋರು. ಒಂದು ಸಲ ಕ್ಲಾಪ್ಟನ್ ನುಡಿಸೋದನ್ನ ನಡುವೆ ನಿಲ್ಲಿಸಿಬಿಟ್ಟರಂತೆ. ಉಳಿದಿಬ್ಬರಿಗೆ ಅದು ಗೊತ್ತೇ ಆಗಲಿಲ್ಲ! ಕಿವಿ ಹಾಳಾಗಿದ್ದು ಆ ಕೊನೇ ವರ್ಷದಲ್ಲಿ ಅಂತ ಬೇಕರ್ ಜೀವಮಾನ ಪೂರ್ತಿ ಬೈದ.

'ವೀಲ್ಸ್ ಆಫ್ ಫೈರ್' ಡಬಲ್ ಆಲ್ಬಂ 1968ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಅದೇ ವರ್ಷ ನವೆಂಬರ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕೊನೇ ಕಾರ್ಯಕ್ರಮ. ಅಲ್ಲಿಗೆ ಮುಗೀತು.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. ಬೇಕರ್ ರೇಂಜ್ ರೋವರ್‌ನಲ್ಲಿ ಸಹಾರಾ ದಾಟಿ ನೈಜೀರಿಯಾಕ್ಕೆ ಹೋದ, ಫೆಲಾ ಕುಟಿ ಜೊತೆ ನುಡಿಸಿದ, ಲಾಗೋಸ್‌ನಲ್ಲಿ ಸ್ಟುಡಿಯೋ ಕಟ್ಟಿದ, ಪೋಲೋ ಕುದುರೆಗಳಿಗೆ ದುಡ್ಡು ಸುರಿದ, ಕೈ ಬರಿದು ಮಾಡಿಕೊಂಡ. ಬ್ರೂಸ್ ಜಾಜ್ ಕಡೆ ಹೋದ. 2003ರಲ್ಲಿ ಅವನಿಗೆ ಲಿವರ್ ಕಸಿ ಆಯ್ತು, ಬದುಕಿ ಬಂದದ್ದೇ ಹೆಚ್ಚು. 2005ರ ಮೇ ತಿಂಗಳಲ್ಲಿ ಮೂವರೂ ಅದೇ ಆಲ್ಬರ್ಟ್ ಹಾಲ್‌ಗೆ ನಾಲ್ಕು ರಾತ್ರಿಗೆ ವಾಪಸ್ ಬಂದರು. ಬೇಕರ್‌ಗೆ ಸಂಧಿವಾತ. ಆದರೂ ಚೆನ್ನಾಗಿ ನುಡಿಸಿದರು, ವಯಸ್ಸಿಗೆ ತಕ್ಕ ಹಾಗೆ ಸದ್ದನ್ನ ಇಳಿಸಿ. ಅಷ್ಟಕ್ಕೇ ಬಿಡಬೇಕಿತ್ತು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿಗೆ ಹೋದರು, ಅಲ್ಲಿ ಬ್ರೂಸ್‌ನ ಬೇಸ್ ಸದ್ದು ಜಾಸ್ತಿ ಅಂತ ಮತ್ತೆ ಅದೇ ಜಗಳ. ಆಗ ಒಬ್ಬನಿಗೆ 66, ಇನ್ನೊಬ್ಬನಿಗೆ 62.

ಬ್ರೂಸ್ 2014ರಲ್ಲಿ ಹೋದ, ಬೇಕರ್ 2019ರಲ್ಲಿ. ಬೇಕರ್ ಮಗ ಕೋಫಿ ಡ್ರಮ್ಮರ್. ಬ್ರೂಸ್ ಮಗ ಮಾಲ್ಕಮ್ ಬೇಸ್ ವಾದಕ. ಈ ಹುಡುಗರಿಬ್ಬರೂ ಒಂದೇ ವೇದಿಕೆ ಮೇಲೆ ನಿಂತು ಕ್ರೀಮ್ ಹಾಡುಗಳನ್ನ ಊರೂರಲ್ಲಿ ನುಡಿಸಿದ್ದಾರೆ.

ಹೊಸದಾಗಿ ಕೇಳೋರು 'ಡಿಸ್ರೇಲಿ ಗಿಯರ್ಸ್'ನಿಂದ ಶುರು ಮಾಡಿ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಬೇಸ್ ಪೂರ್ತಿ ಕಳೆದುಹೋಗತ್ತೆ. ಹೆಡ್‌ಫೋನ್ ಹಾಕ್ಕೊಳ್ಳಿ. ಮೊದಲ ಸಲ ಗಿಟಾರ್ ಕಡೆ ಗಮನ ಕೊಡಬೇಡಿ, ಕೆಳಗೆ ಅವರಿಬ್ಬರು ಏನು ಮಾಡ್ತಿದ್ದಾರೆ ಅಂತ ಕೇಳಿ.